ನಕ್ಷೆಯಲ್ಲಿ ಹಸಿರಿದೆ, ಹೊಳೆಯಲ್ಲಿ ನೀರೇಕಿಲ್ಲ?

ಪ್ರಶ್ನೆ: ಉಪಗ್ರಹ ಚಿತ್ರಗಳಲ್ಲಿ ನಮ್ಮ ಭಾಗದ ಅರ್ಕಾವತಿ ಜಲಾನಯನ ಬೇಸಿಗೆಯಲ್ಲೂ ಅಲ್ಲಲ್ಲಿ ಹಸಿರಾಗಿ ಕಾಣುತ್ತದೆ. ಆದರೂ ಹೊಳೆ ಹರಿಯುವುದಿಲ್ಲ. ಮನುಷ್ಯನಿಂದಾದ ಬದಲಾವಣೆಯನ್ನು ನಕ್ಷೆಯಿಂದ ತಿಳಿಯಬಹುದೇ?
– ಓದುಗರು, ದೊಡ್ಡಬಳ್ಳಾಪುರ

ಉತ್ತರ: ತಿಳಿಯಬಹುದು, ಆದರೆ ಒಂದೇ ನಕ್ಷೆಯಿಂದಲ್ಲ. ನೀವು ಗಮನಿಸಿರುವ ಬೇಸಿಗೆಯ ಹಸಿರೇ ಇಲ್ಲಿ ಮುಖ್ಯ ಸುಳಿವು. ಮಳೆಯನ್ನೇ ನಂಬಿದ ರಾಗಿ, ಹುರುಳಿಯ ಹೊಲಗಳು ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬರಿದಾಗಿರುತ್ತವೆ; ಆಗಲೂ ಎಲೆ ತುಂಬಿಕೊಂಡು ನಿಲ್ಲುವುದು ಹೆಚ್ಚಾಗಿ ನೀಲಗಿರಿ ತೋಪುಗಳು ಮತ್ತು ಕೊಳವೆಬಾವಿಯ ನೀರುಣ್ಣುವ ತೋಟಗಳು. ಹಸಿರೆಲೆಯು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಬಲವಾಗಿ ಪ್ರತಿಫಲಿಸುವುದರಿಂದ, ಮಳೆಗಾಲದ ಚಿತ್ರವನ್ನೂ ಬೇಸಿಗೆಯ ಚಿತ್ರವನ್ನೂ ಹೋಲಿಸಿ ಇವನ್ನು ಹೊಲಗಳಿಂದ ಬೇರ್ಪಡಿಸಬಹುದು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 1972ರಿಂದ, ನಮ್ಮ ಐಆರ್‌ಎಸ್ ಉಪಗ್ರಹಗಳ ಚಿತ್ರಗಳು 1988ರಿಂದ ಇವೆ. ಸರ್ವೇ ಆಫ್ ಇಂಡಿಯಾದ ಹಳೆಯ ಭೂನಕ್ಷೆಗಳನ್ನೂ ಜೊತೆಗಿಟ್ಟುಕೊಂಡರೆ ಯಾವ ಹೊಲ ತೋಪಾಯಿತು, ಯಾವ ಕೆರೆಯಂಗಳ ಬಡಾವಣೆಯಾಯಿತು ಎಂಬುದು ಸ್ಪಷ್ಟವಾಗುತ್ತದೆ.

ನದಿ ಬತ್ತಿದ್ದಕ್ಕೆ ಬೆಂಗಳೂರಿನ ಬೆಳವಣಿಗೆ ಮತ್ತು ಒತ್ತುವರಿಯನ್ನಷ್ಟೇ ದೂರುವುದು ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಒಳಹರಿವು ಕುಸಿದಿರುವುದನ್ನು ಮಳೆಯ ಕೊರತೆಯೊಂದರಿಂದಲೇ ವಿವರಿಸಲಾಗದು. ಹಿಂದೆ ಅಂತರ್ಜಲ ಮೇಲ್ಮಟ್ಟದಲ್ಲಿದ್ದು, ಮಳೆ ನಿಂತ ಮೇಲೂ ಹಳ್ಳಗಳಿಗೆ ಜಿನುಗುತ್ತಿತ್ತು. ಈಗ ಅದು ನೂರಾರು ಅಡಿ ಕೆಳಗಿಳಿದಿರುವುದರಿಂದ ಆ ಒಸರು ನಿಂತಿದೆ, ಹಳ್ಳದಲ್ಲಿ ಹರಿಯಬೇಕಾದ ಮಳೆನೀರನ್ನೂ ಒಣನೆಲವೇ ಹೀರುತ್ತದೆ. ನೀಲಗಿರಿಯ ಆಳದ ಬೇರುಗಳು ನೆಲದ ತೇವವನ್ನು ವರ್ಷವಿಡೀ ಹೀರುತ್ತವೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಕಡಿದ ಬುಡ ಮತ್ತೆ ಚಿಗುರುವ ಮರವಾದ್ದರಿಂದ ಹಳೆಯ ತೋಪುಗಳು ಈಗಲೂ ನಕ್ಷೆಯಲ್ಲಿ ಸಿಗುತ್ತವೆ.

ಉಪಗ್ರಹಕ್ಕೆ ಕಾಣದ್ದೂ ಬಹಳವಿದೆ. ಈಗಿನ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕಿ ಸಾಮಾನ್ಯವಾಗಿ 30 ಮೀಟರ್ ಚೌಕದ ನೆಲ; ಹಳ್ಳಕ್ಕೆ ಅಡ್ಡ ಕಟ್ಟಿದ ಸಣ್ಣ ಚೆಕ್ ಡ್ಯಾಂ ಅದರಲ್ಲಿ ಕರಗಿಹೋಗುತ್ತದೆ. ಕೊಳವೆಬಾವಿಯ ಆಳವಂತೂ ಯಾವ ಚಿತ್ರದಲ್ಲೂ ಸಿಗದು. ಆದ್ದರಿಂದ ಇಸ್ರೋದ ಭುವನ್ ಜಾಲತಾಣದಲ್ಲಿ ನಿಮ್ಮ ಊರಿನ ಚಿತ್ರವನ್ನು ತೆರೆದು, ಪ್ರತಿ ಕೊಳವೆಬಾವಿಯ ಜಾಗ, ಕೊರೆಸಿದ ವರ್ಷ ಮತ್ತು ನೀರು ಸಿಕ್ಕ ಆಳವನ್ನು ಊರಿನವರಿಂದ ಕೇಳಿ ಗುರುತಿಸಿ. ಬತ್ತಿದ ತೆರೆದ ಬಾವಿಗಳಲ್ಲಿ ಹಿಂದೆ ನೀರು ಎಷ್ಟು ಮೇಲಿತ್ತೆಂಬುದನ್ನು ಹಿರಿಯರಿಂದ ತಿಳಿದು ಸೇರಿಸಿ. ಈ ಮಾಹಿತಿಯನ್ನು ತೋಪುಗಳ ನಕ್ಷೆಯ ಮೇಲಿಟ್ಟು ನೋಡಿದಾಗ, ಯಾವ ಹಳ್ಳದ ಒಸರು ಯಾವ ದಶಕದಲ್ಲಿ ನಿಂತಿರಬಹುದೆಂದು ಅಂದಾಜಿಸಲು ಸಾಧ್ಯವಾಗುತ್ತದೆ.