ಕೋರೆಹಲ್ಲಿಲ್ಲದ ಸಾಹುಕಾರ

ಪೊನ್ನಂಪೇಟೆಯ ಓದುಗ ಮಿತ್ರರೇ,

ಮಳೆಗಾಲದ ಸಂಚಿಕೆಯಲ್ಲಿ ಇಂಗ್ಲಿಷ್ ಸಿನಿಮಾ ನಟ ಕ್ರಿಸ್ಟೋಫರ್ ಲೀಗೆ ಎರಡು ಪುಟ ಕೊಟ್ಟದ್ದು ದಂಡ ಎಂದು ಬರೆದಿದ್ದೀರಿ. 'ಕೋರೆಹಲ್ಲು ಸಿಕ್ಕಿಸಿಕೊಂಡು ಕರಿ ಮೇಲಂಗಿ ಹೊದ್ದರೆ ಯಾರು ಬೇಕಾದರೂ ಹೆದರಿಸಬಹುದು. ಆಳುಗಳ ಲೆಕ್ಕ ಬರೆಯುವ ನಮ್ಮ ತೋಟದ ರೈಟರು ಅದೇನೂ ಇಲ್ಲದೆ ಹೆದರಿಸುತ್ತಾರೆ' ಎಂಬ ನಿಮ್ಮ ಮಾತಿಗೆ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಲೀ ಪರವಾಗಿ ನಾನು ಹೇಳಬೇಕೆಂದಿದ್ದದ್ದೂ ಅದನ್ನೇ.

1958ರ 'ಡ್ರಾಕುಲಾ' ಚಿತ್ರದಲ್ಲಿ ಲೀ ರಕ್ತ ಹೀರುವ ಪಿಶಾಚಿ. ಅವರು ಮೊದಲು ಕಾಣುವುದು ಮೆಟ್ಟಿಲ ತುದಿಯಲ್ಲಿ, ಬರೀ ಕಪ್ಪು ಆಕೃತಿಯಾಗಿ. ಸಂಗೀತ ಅಬ್ಬರಿಸುತ್ತದೆ. ಆರಡಿ ಐದಂಗುಲದ ಆ ಮನುಷ್ಯ ಸರಸರನೆ ಇಳಿದು ಬಂದು, ಮನೆಗೆ ಬಂದ ಅತಿಥಿಯನ್ನು ಮರ್ಯಾದೆಯಿಂದ ಮಾತಾಡಿಸುತ್ತಾನೆ. ಅಷ್ಟೇ. ಆಮೇಲೆ ಆ ಪಾತ್ರ ಬಾಯಿ ತೆರೆಯುವುದು ಕಚ್ಚಲಿಕ್ಕೆ ಮಾತ್ರ. 1966ರಲ್ಲಿ ಅದೇ ಪಾತ್ರಕ್ಕೆ ಮರಳಿದಾಗ ಒಂದು ಮಾತೂ ಇಲ್ಲ. ಸಂಭಾಷಣೆ ಕಳಪೆಯಾಗಿತ್ತು, ತಾನೇ ಆಡಲೊಪ್ಪಲಿಲ್ಲ ಎಂದರು ಲೀ. ತಾನು ಬರೆದೇ ಇರಲಿಲ್ಲ ಎಂದರು ಚಿತ್ರಕತೆಗಾರರು. ನನಗೆ ಇಬ್ಬರ ಮೇಲೂ ಸ್ವಲ್ಪ ಅನುಮಾನವೇ.

ಆದರೆ ನೀವು ನೋಡಬೇಕಾದ್ದು 1973ರ 'ದಿ ವಿಕರ್ ಮ್ಯಾನ್'. ಸಂಭಾವನೆ ತೆಗೆದುಕೊಳ್ಳದೆ ಲೀ ನಟಿಸಿದ ಚಿತ್ರ. ಸ್ಕಾಟ್ಲೆಂಡಿನ ಒಂದು ದ್ವೀಪ, ಇಡೀ ದ್ವೀಪವೇ ಸೇಬಿನ ತೋಟ, ಲೀ ಅದರ ಒಡೆಯ. ಕೋರೆಹಲ್ಲಿಲ್ಲ, ರಕ್ತವಿಲ್ಲ. ಹಿಂದಿನ ವರ್ಷ ಫಸಲು ಕೈಕೊಟ್ಟಿದೆ. ಕಾಣೆಯಾದ ಹುಡುಗಿಯನ್ನು ಹುಡುಕಿ ಬಂದ ಪೊಲೀಸಿನವನಿಗೆ ಆತ ನಗುನಗುತ್ತಲೇ ಉತ್ತರ ಕೊಡುತ್ತಾನೆ. ಫಸಲು ಹೋದ ವರ್ಷ ಸಾಹುಕಾರರ ನಗು ಹೇಗಿರುತ್ತದೆಂದು ಕಾಫಿ ನಾಡಿನವರಾದ ನಿಮಗೆ ನಾನು ಹೇಳಬೇಕೆ?

ಅದರಲ್ಲೊಂದು ಹಬ್ಬದ ಮೆರವಣಿಗೆಯಿದೆ. ನೋಡುವಾಗ ನನಗೆ ನಮ್ಮ ಕೊಡಗಿನ ದೇವರಪುರದ ಕುಂಡೆ ಹಬ್ಬ ನೆನಪಾಯಿತು. ಅಲ್ಲಿ ತೋಟಗಳಲ್ಲಿ ದುಡಿಯುವ ಬುಡಕಟ್ಟಿನ ಗಂಡಸರು ಹೆಣ್ಣು ವೇಷ ಹಾಕಿ, ಡಬ್ಬ ಬಡಿಯುತ್ತಾ, ದೇವರನ್ನೂ ಬಿಡದೆ ಎದುರು ಸಿಕ್ಕವರನ್ನೆಲ್ಲ ಬೈಯುತ್ತಾರೆ. ಆ ಒಂದು ದಿನ ಸಾಹುಕಾರನೂ ಬೈಸಿಕೊಂಡು ದುಡ್ಡು ಕೊಡಬೇಕು. ಸಿನಿಮಾದ ದ್ವೀಪದಲ್ಲಿ ಹಾಗಲ್ಲ. ಅಲ್ಲಿ ಉದ್ದ ಕೂದಲು ಇಳಿಬಿಟ್ಟು, ಲಂಗ ಉಟ್ಟು ಕುಣಿಯುವವನು ಸಾಹುಕಾರನೇ! ಆಳುಗಳು ಬೈಯಲು ಇದ್ದ ಒಂದು ದಿನವನ್ನೂ ಅವನೇ ಇಟ್ಟುಕೊಂಡಿದ್ದಾನೆ. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಕೊನೆ ಗೊತ್ತಿದ್ದು ಮತ್ತೆ ನೋಡಿದಾಗ ಬರಲಿಲ್ಲ.

1998ರಲ್ಲಿ ಜಿನ್ನಾ ಪಾತ್ರ ಮಾಡಿ, ತನ್ನ ಅತ್ಯುತ್ತಮ ಅಭಿನಯ ಅದೇ ಎಂದರು ಲೀ. ಇರಬಹುದು. ನನ್ನ ಮತ ತೋಟದ ಒಡೆಯನಿಗೇ.

ನೋಡಿ, ಕರೆಂಟು ಇರುವ ರಾತ್ರಿ ಸಿಕ್ಕಿದರೆ. ಸಾಧ್ಯವಾದರೆ ರೈಟರನ್ನೂ ಕೂರಿಸಿಕೊಳ್ಳಿ. ಅವರ ಅಭಿಪ್ರಾಯ ಬರೆದು ಕಳಿಸಿದರೆ ಅಚ್ಚು ಹಾಕುತ್ತೇವೆ.

— ಸಂಪಾದಕ