ಆರ್ಗ್ಯೂ ಎಂದರೆ ಜಗಳವೇ, ವಾದವೇ?

'ಆರ್ಗ್ಯೂ' ಎಂಬುದಕ್ಕೆ ಜಗಳವಾಡು ಮತ್ತು ವಾದಿಸು ಎಂಬ ಎರಡು ಅರ್ಥಗಳಲ್ಲಿ ಸರಿಯಾದುದು ಯಾವುದೆಂದು ನೀವು ಕೇಳಿದ್ದೀರಿ. ಹೀಗೆ ಒಂದೇ ಅರ್ಥಕ್ಕೆ ಜೋತುಬಿದ್ದು ನಾನೂ ಪೆಟ್ಟು ತಿಂದವನು.

ನೌಕರಿಯ ಹೊಸದರಲ್ಲಿ, ವಿದೇಶಿ ಗ್ರಾಹಕರೊಡನೆ ನಡೆಯುವ ಸಭೆಗಳ ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಸಭೆಯಲ್ಲಿ ನಮ್ಮ ಮ್ಯಾನೇಜರ್, ಕೆಲಸ ಮುಗಿಸಲು ಇನ್ನೆರಡು ವಾರ ಏಕೆ ಬೇಕೆಂಬುದನ್ನು ಬಹಳ ಸೌಜನ್ಯದಿಂದ, ಕಾರಣಸಹಿತ ಮಂಡಿಸಿದರು. ನಿಘಂಟಿನಲ್ಲಿ 'ವಾದಿಸು' ಎಂದಿದ್ದುದನ್ನು ನಂಬಿ ನಾನು 'ಆರ್ಗ್ಯೂಡ್ ವಿತ್ ದ ಕ್ಲೈಂಟ್' ಎಂದು ಬರೆದು ಎಲ್ಲರಿಗೂ ಕಳುಹಿಸಿಬಿಟ್ಟೆ. ಕ್ರಿಯಾಪದವೇನೋ ಸರಿಯಾಗಿಯೇ ಇತ್ತು; ಕೆಡಿಸಿದ್ದು ಅದರ ಬೆನ್ನಿಗಿದ್ದ 'ವಿತ್'. ಮಾತನಾಡು, ಚರ್ಚಿಸು, ಸಮಾಲೋಚಿಸು ಎಂಬ ಎಲ್ಲಕ್ಕೂ 'ಅವರೊಂದಿಗೆ' ಎಂದು ಸೇರಿಸಿ ನಮಗೆ ರೂಢಿ. ಆದರೆ 'ಆರ್ಗ್ಯೂ ವಿತ್' ಎಂದೊಡನೆ ಇಂಗ್ಲಿಷ್ ಓದುಗನ ಕಿವಿಗೆ ಸಾಮಾನ್ಯವಾಗಿ ಏರಿದ ದನಿಯೇ ಕೇಳಿಸುತ್ತದೆ. 'ಆರ್ಗ್ಯೂಡ್ ಫಾರ್ ಮೋರ್ ಟೈಮ್' ಎಂದೋ, 'ಆರ್ಗ್ಯೂಡ್ ದಟ್' ಎಂದು ಆರಂಭಿಸಿ ಕಾರಣವನ್ನೋ ಬರೆದಿದ್ದರೆ ಅದೇ ಕ್ರಿಯಾಪದವು ಮ್ಯಾನೇಜರರ ತರ್ಕಕ್ಕೆ ಗೌರವ ತಂದುಕೊಡುತ್ತಿತ್ತು. ಗ್ರಾಹಕರು ಜಗಳವಾದದ್ದು ಯಾವಾಗ ಎಂದು ಕೇಳಿದರು, ಮ್ಯಾನೇಜರ್ ಕ್ಷಮೆ ಕೋರಿ ಪತ್ರ ಬರೆದರು, ಆ ಗ್ರಾಹಕರ ಕೆಲಸ ನನ್ನ ಕೈತಪ್ಪಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ಅರ್ಥಗಳು ಸರಿಯೇ. ಯಾವುದೆಂದು ತೀರ್ಮಾನಿಸುವುದು ಹೆಚ್ಚಾಗಿ ಕ್ರಿಯಾಪದದ ಬೆನ್ನಿಗೆ ಬರುವ ಪದ. 'ಫಾರ್' ಬಂದರೆ ಪರವಾದ ವಾದ, 'ಅಗೆನ್ಸ್ಟ್' ಬಂದರೆ ವಿರುದ್ಧವಾದ ವಾದ, 'ದಟ್' ಬಂದರೆ ಪ್ರತಿಪಾದನೆ; 'ಓವರ್' ಅಥವಾ 'ಅಬೌಟ್' ಬಂದಾಗ ಬಹುತೇಕ ಕಚ್ಚಾಟ. ವಕೀಲರು 'ಕೇಸ್ ಆರ್ಗ್ಯೂ' ಮಾಡುವಾಗ ನಡುವೆ ಯಾವ ಪದವೂ ಬೇಕಿಲ್ಲ, ಜಗಳದ ಸುಳಿವೂ ಇಲ್ಲ. ಒಬ್ಬರನ್ನು ಒಂದು ನಿರ್ಧಾರದಿಂದ 'ಆರ್ಗ್ಯೂ ಔಟ್ ಆಫ್' ಮಾಡುವುದೆಂದರೆ ವಾದಿಸಿ ಅವರ ಮನಸ್ಸು ತಿರುಗಿಸುವುದು. ಲ್ಯಾಟಿನ್ನಿನ 'ಆರ್ಗ್ಯುಎರೆ' ಎಂಬ ಮೂಲದಲ್ಲಿಯೇ ಸ್ಪಷ್ಟಪಡಿಸುವುದು, ಆಪಾದಿಸುವುದು ಎಂಬ ಎರಡೂ ಅರ್ಥಗಳಿದ್ದವು. ಮನೆಗಳಲ್ಲಿ 'ಆರ್ಗ್ಯೂ ಮಾಡಬೇಡ' ಎಂದು ಮಕ್ಕಳನ್ನು ಗದರುತ್ತೇವಲ್ಲ, ಅಲ್ಲಿ ಅದು ಕೇವಲ ಎದುರುತ್ತರ; ಜಗಳದ ಅರ್ಥ ನಮ್ಮ ತಲೆಯಲ್ಲಿ ಮೊದಲು ಕೂರುವುದು ಅಲ್ಲಿಂದಲೇ ಇರಬೇಕು.

ಪ್ರಬಂಧ ಬರೆಯುವವರಾದರೆ 'ಆರ್ಗ್ಯುಅಬ್ಲಿ' ಎಂಬುದರ ಬಗ್ಗೆಯೂ ಎಚ್ಚರವಿರಲಿ. ಅದನ್ನು 'ವಿವಾದಾತ್ಮಕವಾಗಿ' ಎಂದು ಅನುವಾದಿಸುವವರಿದ್ದಾರೆ, ಅದು ಶುದ್ಧ ತಪ್ಪು. ಒಬ್ಬ ಆಟಗಾರನನ್ನು 'ಆರ್ಗ್ಯುಅಬ್ಲಿ ದ ಬೆಸ್ಟ್' ಎಂದರೆ, ಆತನೇ ಶ್ರೇಷ್ಠನೆಂದು ಗಟ್ಟಿ ಆಧಾರಗಳೊಡನೆ ವಾದಿಸಬಹುದು ಎಂದರ್ಥ, ಆತನ ಸುತ್ತ ವಿವಾದವಿದೆ ಎಂದಲ್ಲ.