‘ಸೀನ್ ಮೈ ಟವೆಲ್?’ ತಪ್ಪು ಇಂಗ್ಲಿಷ್ ಅಲ್ಲ

ಗೋಕರ್ಣದ ನಿಮ್ಮ ಹೋಮ್‌ಸ್ಟೇಗೆ ಬಂದವರು ‘ಸೀನ್ ಮೈ ಟವೆಲ್?’ ಅಂದರು, ಇದರಲ್ಲಿ ಕರ್ತೃಪದ ಎಲ್ಲಿ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಪೂರ್ತಿ ವಾಕ್ಯ ‘ಹ್ಯಾವ್ ಯು ಸೀನ್ ಮೈ ಟವೆಲ್?’. ಎದುರಿಗೆ ನೀವೇ ಇದ್ದೀರಿ, ಹಾಗಾಗಿ ‘ಹ್ಯಾವ್ ಯು’ ಬಿಟ್ಟರೂ ಅರ್ಥ ಕೆಡುವುದಿಲ್ಲ. ‘ಸೀನ್’ ಎಂಬ ರೂಪವೇ ಬಿಟ್ಟುಹೋದ ‘ಹ್ಯಾವ್’ನ ಸುಳಿವು ಕೊಡುತ್ತದೆ. ಆದರೆ ಸುಮ್ನೆ ಎಲ್ಲೆಂದರಲ್ಲಿ ಹೀಗೆ ಬಿಡುವ ಹಾಗಿಲ್ಲ, ಹೆಚ್ಚಾಗಿ ವಾಕ್ಯದ ಶುರುವಿನಲ್ಲೇ. ‘ವೇರ್ ಪುಟ್ ಇಟ್?’ ಅಂತ ಅವರು ಕೇಳುವುದಿಲ್ಲ. ನಾವೂ ‘ಟವೆಲ್ ನೋಡಿದ್ರಾ?’ ಅನ್ನುವಾಗ ‘ನೀವು’ ಬಿಡುತ್ತೇವೆ ಅಲ್ವಾ? ನಮ್ಮಲ್ಲಿ ಕ್ರಿಯಾಪದದ ಕೊನೆ ಯಾರೆಂದು ತೋರಿಸುತ್ತದೆ, ಅವರಲ್ಲಿ ಸಂದರ್ಭ. ಮಾತಿನಲ್ಲಿ ಧೈರ್ಯವಾಗಿ ಬಳಸಿ. ಪರೀಕ್ಷೆ, ಅರ್ಜಿಗಳಲ್ಲಿ ಮಾತ್ರ ಪೂರ್ತಿ ಬರೆಯಿರಿ.